ಮಗು ಹುಟ್ಟಿದ ಹೊತ್ತು

ಹಿಂದೂಪುರದ ಒಂದು ರೇಷ್ಮೆ ಸೀರೆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಮಗ್ಗದಿಂದ ಸೀರೆ ಬಂದು, ಕಂಪ್ಯೂಟರಿನೊಳಗಿನ ಪಟ್ಟಿಗೆ, ಅಂದರೆ ಟೇಬಲ್ಲಿಗೆ, ಅದರದೊಂದು ಸಾಲು ಸೇರಿದ ಕೂಡಲೇ ಆ ಹೊತ್ತು ತಾನಾಗಿಯೇ ದಾಖಲಾಗುತ್ತದೆ. ಯಾರೂ ಕೈಯಾಡಿಸುವಂತಿಲ್ಲ. ಮನುಷ್ಯರ ಬಾಯಿಮಾತಿಗಿಂತ ನಾನು ಅದನ್ನೇ ನಂಬುತ್ತಿದ್ದೆ.

ಅಕ್ಕ ಹೆರಿಗೆಗೆಂದು ಕಲ್ಯಾಣದುರ್ಗದಿಂದ ನಮ್ಮ ಮನೆಗೆ ಬಂದಿದ್ದಳು. ಹೆಣ್ಣು ಮಗುವಾಯಿತು. ನಾನು ಅಂಗಡಿಯಿಂದ ಹೋಗಿ ನೋಡಿದ್ದು ರಾತ್ರಿ; ನೋವಿನಲ್ಲಿದ್ದ ಅಕ್ಕನಿಗೆ ಹೊತ್ತಿನ ಪರಿವೆ ಇರಲಿಲ್ಲ. ನರ್ಸಿಂಗ್ ಹೋಮಿನವರು ಕೊಟ್ಟ ಚೀಟಿಯಲ್ಲಿದ್ದ ಸಂಜೆಯ ಹೊತ್ತನ್ನು ಅವಳ ಅತ್ತೆ ಪುರೋಹಿತರಿಗೆ ಹೇಳಿದರು. ನಕ್ಷತ್ರ ಆಗತಾನೇ ಬದಲಾಗಿತ್ತಂತೆ, ಹೊಸದು ಮಗುವಿನ ಅಪ್ಪನಿಗೆ ಆಗಿಬರುವುದಿಲ್ಲವಂತೆ. ಶಾಂತಿ ಮಾಡಿಸುವವರೆಗೆ ಆತ ಮಗುವಿನ ಮುಖ ನೋಡುವಂತಿಲ್ಲ. ಆಮೇಲೂ ಮೊದಲು ಎಣ್ಣೆಯ ಬಟ್ಟಲಿನಲ್ಲಿ ಅದರ ನೆರಳು ನೋಡಬೇಕು.

ಭಾವ ಎರಡು ಸಲ ಬಸ್ಸು ಹತ್ತಿ ಬಂದರು. ಜಗಲಿಯಲ್ಲಿ ಕೂತು, ಒಳಗಿನ ಅಳು ಕೇಳಿಸಿಕೊಂಡು, ಕಾಫಿ ಕುಡಿದು ಹಿಂದಕ್ಕೆ ಹೋದರು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಒಳಗೆ ಮಗುವನ್ನು ತೂಗುತ್ತಿದ್ದಳು.

ಮಗುವನ್ನು ಡಾಕ್ಟರಿಗೆ ತೋರಿಸಲು ಅದೇ ನರ್ಸಿಂಗ್ ಹೋಮಿಗೆ ಹೋದ ದಿನ ಪರಿಗಿ ಊರಿನ ಬಾಣಂತಿಯೊಬ್ಬಳು ಸಿಕ್ಕಳು. ಹೆರಿಗೆಯಾದಾಗ ಅಕ್ಕನ ಪಕ್ಕದ ಮಂಚದಲ್ಲಿದ್ದವಳು. ಅವಳ ಮಗು ಹುಟ್ಟಿದ್ದು ಅದೇ ದಿನ ಬೆಳಿಗ್ಗೆ. ಅಕ್ಕನನ್ನು ಸೇರಿಸುವಾಗಲೇ ನಾನು ಆ ಕೂಸನ್ನು ಕಂಡಿದ್ದೆ. ಆದರೆ ಅವಳ ಚೀಟಿಯಲ್ಲೂ ಅದೇ ಸಂಜೆಯ ಹೊತ್ತು, ಅದೇ ನಿಮಿಷ! ಥಟ್ಟನೆ ಹೊಳೆಯಿತು. ನರ್ಸಮ್ಮನನ್ನು ಹಿಡಿದು ಕೇಳಿದೆ.

“ಹೆರಿಗೆ ಮಾಡ್ಸೋವಾಗ ಕಂಪ್ಯೂಟ್ರು ಮುಂದೆ ಯಾರು ಕೂತ್ಕತ್ತಾರೆ ಕಣಮ್ಮ? ಸಂಜೆ ಬಿಡುವಾದ್ಮೇಲೆ ಎಲ್ಲಾ ಕೂಸುಗಳ್ನೂ ಒಟ್ಗೇ ಎಂಟ್ರಿ ಮಾಡ್ಬುಟ್ವಿ. ಟೈಮು ಅದೇ ಹಾಕ್ಕತ್ತದೆ. ನಿಮ್ಮಕ್ಕಂಗೆ ಆಗಿದ್ದು ಮಧ್ಯಾಹ್ನ, ನಾನೇ ಇದ್ನಲ್ಲ.”

ಚೀಟಿಯಲ್ಲಿದ್ದದ್ದು ಮಗು ಹುಟ್ಟಿದ ಹೊತ್ತಲ್ಲ, ಟೇಬಲ್ಲಿಗೆ ಸಾಲು ಸೇರಿದ ಹೊತ್ತು. ಅದನ್ನೇ ಹಿಡಿದು ಜಾತಕ ಬರೆಸಿದ್ದರು! ಮಧ್ಯಾಹ್ನ ಇನ್ನೂ ಹಿಂದಿನ ನಕ್ಷತ್ರವೇ ಇದ್ದಿರಬೇಕು.

ಅಲ್ಲಿಂದಲೇ ಕಲ್ಯಾಣದುರ್ಗಕ್ಕೆ ಫೋನು ಮಾಡಿ ಅಕ್ಕನ ಅತ್ತೆಗೆ ಎಲ್ಲ ಹೇಳಿದೆ. ಮರುದಿನ ಭಾವ ಮತ್ತೆ ಬಂದು ಜಗಲಿಯಲ್ಲಿ ಕೂತಿದ್ದಾಗ, ಪುರೋಹಿತರನ್ನು ಇನ್ನೊಮ್ಮೆ ಕೇಳಿಕೊಂಡು ಅವರಮ್ಮ ಫೋನು ಮಾಡಿದರು.

“ದೋಷಂ ಲೇದಂಟ ಕಣ್ಲಾ, ಏನೂ ದೋಸ ಇಲ್ವಂತೆ. ಒಳೀಕೋಗಿ ನೋಡ್ಕ.”

ಭಾವ ಓಡಿದಂತೆ ಒಳಗೆ ಬಂದರು. ಅಕ್ಕ ಮಗುವನ್ನು ಅವರ ಕೈಗಿಟ್ಟಳು. ಅವರ ಕಣ್ಣು ತುಂಬಿ ಬಂತು. ನನಗೂ ಖುಷಿಯೇ, ಪಂದ್ಯ ಗೆದ್ದವಳ ಹಾಗೆ ಬಾಗಿಲಲ್ಲೇ ನಿಂತಿದ್ದೆ.

ಅಕ್ಕ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಕೇಳಿದಳು: “ಆ ಟೈಮೇ ಸರಿಯಾಗಿದ್ದಿದ್ರೆ, ಇವತ್ತೂ ನೀವು ಒಳೀಕ್ ಬತ್ತಿರ್ಲಿಲ್ಲ, ಅಲ್ವಾ?”

ಭಾವ ಮಗುವನ್ನೇ ನೋಡುತ್ತಿದ್ದರು. ಅಕ್ಕನ ಕಡೆ ತಲೆ ಎತ್ತಲಿಲ್ಲ.