ಹುಳ ತೋರಿಸಿ ಮಾರಿದ ಬದನೆಕಾಯಿ

ಎರಡು ವರ್ಷದ ಹಿಂದಿನ ಕಾರ್ತಿಕ ಮಾಸ. ನಾನೂ ನಮ್ಮತ್ತೆಯೂ ಎಂದಿನಂತೆ ಬಡವನಹಳ್ಳಿ ಸಂತೆಗೆ ಬದನೆಕಾಯಿ ತಗೊಂಡು ಹೋಗಿದ್ದೆವು. ನಮ್ಮ ತೋಟದ ಕಾಯಿ ಅಂದರೆ ಜನ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಿದ್ದರು. ಹಿಂದಿನ ದಿನವೇ ಅತ್ತೆ ಹುಳುಕನ್ನೆಲ್ಲ ಆರಿಸಿ ದನಕ್ಕೆ ಹಾಕಿ, ಒಳ್ಳೆಯದನ್ನಷ್ಟೇ ಚೀಲಕ್ಕೆ ತುಂಬುತ್ತಾರೆ. ಅದರಲ್ಲಿ ಅವರಿಗೆ ಭಾರಿ ಜಂಬ.

ಆ ವಾರ ಟೀವಿಯಲ್ಲಿ ಕುಲಾಂತರಿ ಬೆಳೆಯದೇ ಸುದ್ದಿ. ಹುಳ ಮುಟ್ಟದ ಬದನೆಕಾಯಿ ಬರುತ್ತಂತೆ, ತಿಂದವರ ಗತಿ ಏನು ಅಂತ ಒಂದೇ ಸಮನೆ ಕಿರುಚುತ್ತಿದ್ದರು. ನಾನು ಅರ್ಧ ನೋಡಿ ಚಾನೆಲ್ ಬದಲಾಯಿಸಿದ್ದೆ.

ಸಂತೆಯಲ್ಲಿ ಕನ್ನಡಕದವರೊಬ್ಬರು ನಮ್ಮ ಕಾಯಿಗಳನ್ನು ತಿರುಗಿಸಿ ತಿರುಗಿಸಿ ನೋಡಿ, "ಒಂದರಲ್ಲೂ ಹುಳ ಇಲ್ವಲ್ಲಮ್ಮ, ಇದ್ಯಾವ ಬೀಜ?" ಅಂದರು.

"ನಮ್ಮ ಕಾಯಲ್ಲಿ ಹುಳ ಇರಲ್ಲ ಕಣಣ್ಣ, ನೋಡ್ಕಳಿ" ಅಂತ ಒಂದನ್ನು ಮುರಿದು ತೋರಿಸಿದೆ. ಅವರು ವಿಡಿಯೋ ಮಾಡಿಕೊಂಡು, ಏನೂ ಕೊಳ್ಳದೆ ಹೋದರು. ಪುಕ್ಕಟೆ ಜಾಹೀರಾತು ಸಿಕ್ಕಿತು ಅಂದುಕೊಂಡೆನಲ್ಲ, ನನ್ನ ಬುದ್ಧಿಗಿಷ್ಟು!

ಸ್ವಲ್ಪ ಹೊತ್ತಿಗೆ ನಮ್ಮ ಮುಂದೆ ನಿಲ್ಲುವವರೇ ಇಲ್ಲ. ನಮ್ಮ ಖಾಯಂ ಗಿರಾಕಿ ಗಂಗಮ್ಮ ತೂಗಿಸಿಕೊಂಡಿದ್ದನ್ನೂ ವಾಪಸ್ ಸುರಿದರು. "ಬೇಜಾರ್ ಮಾಡ್ಕಬ್ಯಾಡ ಕಣಮ್ಮ. ನಿಮ್ ಕಾಯಿ ಕುಲಾಂತರಿ ಅಂತ ವಾಟ್ಸಾಪಲ್ಲಿ ವಿಡಿಯೋ ಬಂದೈತೆ. ಮನೇಲಿ ಬಸುರಿ ಮಗಳವ್ಳೆ" ಅಂದರು. ಇಷ್ಟು ವರ್ಷ ಉಳಿಸಿಕೊಂಡ ಹೆಸರು ಹೋಯಿತಲ್ಲ ಅಂತ ನನಗೆ ಅಳುವೇ ಬಂತು.

ಅತ್ತೆ ಅಳಲಿಲ್ಲ. ನಮ್ಮ ಯಜಮಾನರಿಗೆ ಫೋನ್ ಮಾಡಿಸಿ, "ಲೇ, ದನದ ಮುಂದೆ ಹಾಕಿದ್ ಹುಳುಕು ಕಾಯಿ ಉಳ್ದಿದ್ರೆ ಬಾಚ್ಕಂಡ್ ಬಾರ್ಲಾ" ಅಂದರು.

"ನಿಂಗೇನ್ ತಲೆ ಕೆಟ್ಟೈತಾ ಅವ್ವ?" ಅನ್ನುತ್ತಲೇ ಅವರು ಬೈಕಿನಲ್ಲಿ ತಂದುಕೊಟ್ಟರು. ಅತ್ತೆ ಅದನ್ನು ಎಲ್ಲಕ್ಕಿಂತ ಮುಂದೆ ಸುರಿದು, "ಬನ್ನಿ, ನೋಡ್ರಪ್ಪ! ಟೀವಿಯೋರು ಹೇಳಿದ್ದು ಹುಳ ಮುಟ್ದೇ ಇರೋದು ತಾನೆ? ನಮ್ ಗಿಡದ್ದು ಹೆಂಗ್ ತಿಂದೈತೆ ನೋಡಿ!" ಅಂತ ಕೂಗಿ ಒಂದನ್ನು ಸೀಳಿದರು. ಬಿಳೀ ಹುಳ ನುಲಿಯುತ್ತಾ ಈಚೆ ಬಂತು. ಜನ ಹೋ ಅಂತ ನಕ್ಕರು. ಗಂಗಮ್ಮ ಮತ್ತೆ ಬಂದು, ಧೈರ್ಯಕ್ಕಿರಲಿ ಅಂತ ಹುಳುಕೊಂದನ್ನು ತಾವೇ ಆರಿಸಿ ಚೀಲಕ್ಕೆ ಹಾಕಿಕೊಂಡರು! ಸಂಜೆಗೆ ಎಲ್ಲ ಖಾಲಿ. ಅತ್ತೆಯ ಮುಖ ಮಾತ್ರ ಸಣ್ಣಗಾಗಿತ್ತು. "ಹುಳುಕು ಮುಂದಿಟ್ಕಂಡು ಮಾರೋ ಅಂಗಾಯ್ತಲ್ಲ" ಅಂತ ದಾರಿಯುದ್ದಕ್ಕೂ ಗೊಣಗಿದರು.

ಹುಳ ಬಂದಿದ್ದನ್ನೂ ಎಷ್ಟೋ ಜನ ವಿಡಿಯೋ ಮಾಡಿಕೊಂಡಿದ್ದರು. ಅದು ಯಾರ ಫೋನಿಗೂ ಬಂದಿದ್ದು ನಾನು ಕಾಣೆ. ಮೊದಲಿನದು ಮಾತ್ರ ಇವತ್ತಿಗೂ ಸುತ್ತುತ್ತಿದೆ. ಒಂದ್ಸಲ ಶಿರಾದ್ದಂತೆ, ಇನ್ನೊಂದ್ಸಲ ಕೊರಟಗೆರೆಯದ್ದಂತೆ. ಮಾತು ತೆಗೆದು ಮ್ಯೂಸಿಕ್ ಹಾಕಿದ್ದಾರೆ. ಮುಖ ಕಾಣುವುದಿಲ್ಲ, ಬದನೆಕಾಯಿ ಮುರಿಯುವ ಎರಡು ಕೈ ಅಷ್ಟೇ.

ಹೋದ ತಿಂಗಳು ಪಾವಗಡದಿಂದ ನನ್ನ ಸ್ವಂತ ತಂಗಿಯೇ ಅದನ್ನು ನನಗೆ ಕಳಿಸಿದಳು. "ಅಕ್ಕಾ, ಇಂಥೋರ ಹತ್ರ ಏನೂ ತಗೋಬ್ಯಾಡ, ಹುಷಾರು" ಅಂತ ಕೆಳಗೆ ಬರೆದಿದ್ದಳು. ಅದು ನನ್ನ ಕೈ ಕಣೆ ಅಂತ ಬರೆದು, ಕಳಿಸದೆ ಅಳಿಸಿಬಿಟ್ಟೆ. ಅವಳು ನನ್ನ ನಂಬುತ್ತಾಳೋ, ಫೋನನ್ನು ನಂಬುತ್ತಾಳೋ ಅನ್ನುವ ಅಳುಕು.