ನಮ್ಮ ಮನೆತನದ ಕರುಳು

ನಿಂಬರ್ಗಾದ ನಮ್ಮ ತವರುಮನೆಯಲ್ಲಿ ಅಪ್ಪ ನಲವತ್ತು ದಾಟಲಿಲ್ಲ. ಅಪ್ಪನ ಅಕ್ಕನೂ ದಾಟಿರಲಿಲ್ಲ. ಇಬ್ಬರಿಗೂ ಮೊದಲು ಬಯಲಕಡೆ ಹೋದಾಗ ರಕ್ತ ಬೀಳುತ್ತಿತ್ತು. ಆಮೇಲೆ ಮೈ ಒಣಗಿ, ಹೊಟ್ಟೆ ಉಬ್ಬಿ, ತೀರಿಹೋದರು. ಊರವರು ಮೂಲವ್ಯಾಧಿ ಎಂದರು, ಕೆಲವರು ಯಾರೋ ಮಾಟ ಮಾಡಿಸಿದ್ದಾರೆ ಎಂದರು. ನಾನು ಅಫಜಲಪುರಕ್ಕೆ ಸೊಸೆಯಾಗಿ ಬಂದು ಒಬ್ಬ ಮಗಳನ್ನು ಹೆತ್ತಿದ್ದೆ. ಆಗ ಅದೇ ರಕ್ತ ನನ್ನ ಒಬ್ಬನೇ ಅಣ್ಣನಿಗೂ ಶುರುವಾಯಿತು.

ತೊಗರಿ ರಾಶಿ ನಡೆದಿದ್ದಾಗ ಅಣ್ಣ ಕಣದಲ್ಲೇ ಕುಸಿದುಬಿದ್ದ. ಸುದ್ದಿ ಕೇಳಿ ನಾನು ತವರಿಗೆ ಬರುವಷ್ಟರಲ್ಲಿ ಅವ್ವ ಘತ್ತರಗಿ ಭಾಗ್ಯವಂತಿಗೆ ಹರಕೆ ಹೊತ್ತಿದ್ದಳು.

"ಹರಕಿ ತೀರಸೋಣು ಬೇ ಅವ್ವಾ. ಅದಕ್ಕಿಂತ ಮೊದಲ ಸೊಲ್ಲಾಪುರಕ್ಕ ಕರ್ಕೊಂಡು ಹೋಗ್ತೇನಿ," ಎಂದೆ.

ಗಾಡಿ ಕಟ್ಟಿಸಿ ದುಧನಿಗೆ ಹೋಗಿ ರೈಲು ಹತ್ತಿದೆವು. ಸೊಲ್ಲಾಪುರದ ದವಾಖಾನೆಯಲ್ಲಿ ಒಬ್ಬ ವಯಸ್ಸಾದ ಡಾಕ್ಟರು ಅಣ್ಣನನ್ನು ಮೊಣಕಾಲೂರಿ ಬಗ್ಗಿಸಿ, ತುದಿಯಲ್ಲಿ ದೀಪವಿದ್ದ ಕೊಳವೆ ಹಾಕಿ ಕರುಳಿನೊಳಗೆ ನೋಡಿದರು. ಹೊರಗೆ ಬಂದು ಬಹಳ ಹೊತ್ತು ಕೈ ತೊಳೆದರು. ಅಪ್ಪ ಹೇಗೆ ಸತ್ತ, ಅಪ್ಪನ ಅಕ್ಕ ಹೇಗೆ ಸತ್ತಳು ಎಂದು ಕೇಳಿದರು. ನಾನು ಕಂಡದ್ದನ್ನೆಲ್ಲ ಹೇಳಿದೆ.

"ಕರುಳಿನ ತುಂಬ ಸಣ್ಣ ಸಣ್ಣ ಗಂಟ ಅವ ತಂಗಿ. ಇವು ರಕ್ತದಾಗ ಬರ್ತಾವ, ತಂದಿ-ತಾಯಿಯಿಂದ ಮಕ್ಕಳಿಗೆ. ಮೊದಲ ಏನೂ ತ್ರಾಸ ಕೊಡಂಗಿಲ್ಲ. ವರ್ಷ ಹೋದಂಗ ಒಂದಿಲ್ಲ ಒಂದು ಕೆಟ್ಟ ಹುಣ್ಣಾಗ್ತದ. ನಿಮ್ಮಣ್ಣಗ ಆಗಿಬಿಟ್ಟದ, ಯಕೃತ್ತಿನ ತನಕ ಹೋಗ್ಯದ." ನನ್ನ ಕಡೆ ತಿರುಗಿ ಕೇಳಿದರು, "ನಿನ್ನ ಹೊಟ್ಟಿ ಯಾರರೆ ನೋಡ್ಯಾರೇನು?"

ಅಣ್ಣ ಮುಂದಿನ ಬೇಸಿಗೆ ಕಾಣಲಿಲ್ಲ. ಅವನಿಗೆ ಮಕ್ಕಳಿರಲಿಲ್ಲ. ಸಾಯುವ ಮುಂಚೆ ನನ್ನ ಮಣಿಕಟ್ಟು ಹಿಡಿದು, "ನೀ ತೋರಿಸ್ಕೊ. ನಾಚಿಕಿ ಮಾಡಬ್ಯಾಡ," ಎಂದ.

ನಾಚಿಕೆಯೇ ದೊಡ್ಡ ಮಾತಾಗಿತ್ತು. ಗಂಡಸು ಡಾಕ್ಟರು ಅಲ್ಲಿ ನೋಡುತ್ತಾರೆಂದು ಕೇಳಿ ನಮ್ಮ ಅತ್ತೆ ಊಟ ಬಿಟ್ಟು ಕುಳಿತರು. "ಜ್ವರ ಇಲ್ಲ, ಬ್ಯಾನಿ ಇಲ್ಲ. ಗಟ್ಟಿಮುಟ್ಟಾದ ಸೊಸಿ ಯಾಕ ಹೋಗಬೇಕು?" ಎಂಬುದು ಅವರ ಪ್ರಶ್ನೆ. ಅದು ತಪ್ಪು ಪ್ರಶ್ನೆಯೇನಲ್ಲ.

"ನಮ್ಮಪ್ಪಗೂ ಮೊದಲ ಏನೂ ಇರ್ಲಿಲ್ರಿ ಅತ್ತಿ," ಎಂದೆ. "ನಾ ಸತ್ತರ ಈ ಕೂಸಿಗೆ ಹೇಳೋರು ಯಾರ್ರಿ?"

ನಮ್ಮ ಮನೆಯವರು ಹೊಸ್ತಿಲ ಮೇಲೆ ಕುಳಿತು ಎಲ್ಲ ಕೇಳುತ್ತಿದ್ದರು. ಕಡಿಮೆ ಮಾತಿನ ಮನುಷ್ಯ. ಎದ್ದು ಎತ್ತುಗಳಿಗೆ ನೀರು ಕುಡಿಸಿ ಬಂದು, "ನಾಳಿ ನಸುಕಿನ್ಯಾಗ ಗಾಡಿ ಹೂಡ್ತೇನಿ," ಎಂದರು.

ನನ್ನೊಳಗೂ ಗಂಟುಗಳಿದ್ದವು. ಕದಡಿದ ಸುಣ್ಣದಂಥ ಬಿಳಿ ಮದ್ದನ್ನು ಹಿಂದಿನಿಂದ ಕರುಳಿಗೆ ಬಿಟ್ಟು ತೆಗೆದ ಎಕ್ಸ್‌ರೇಯನ್ನು ಡಾಕ್ಟರು ಕಿಟಕಿಗೆ ಹಿಡಿದು ತೋರಿಸಿದರು. ದೊಡ್ಡ ಕರುಳಿನುದ್ದಕ್ಕೂ ಜೋಳದ ಕಾಳು ಚೆಲ್ಲಿದ ಹಾಗೆ ಕಂಡಿತು. ಆದರೆ ಯಾವುದೂ ಇನ್ನೂ ಕೆಟ್ಟಿರಲಿಲ್ಲ. ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಕೆಳಗೆ ಉಳಿಸಿದ ಗೇಣುದ್ದದ ತುಂಡಿಗೆ ಹೊಲಿಯುತ್ತೇನೆ ಎಂದರು. ಆ ತುಂಡಿನಲ್ಲಿ ಮತ್ತೆ ಗಂಟು ಬರುತ್ತವೆ, ಅವನ್ನು ಕರೆಂಟಿನ ತಂತಿಯಿಂದ ಸುಡಬೇಕು, ಅದಕ್ಕಾಗಿ ಬದುಕಿರುವ ತನಕ ವರ್ಷ ವರ್ಷ ಬರಬೇಕು.

"ಆಪರೇಷನ್‌ದಾಗ ಸತ್ತರೂ ಸಾಯಬಹುದು. ಸುಳ್ಳು ಹೇಳಂಗಿಲ್ಲ ನಾ," ಎಂದರು.

"ಮಾಡ್ರಿ," ಎಂದೆ. ಅಂಜಿಕೆ ಇರಲಿಲ್ಲ ಎಂದಲ್ಲ. ಅಣ್ಣನ ಕೊನೆಯ ತಿಂಗಳು ಕಣ್ಣ ಮುಂದಿತ್ತು.

ಆಪರೇಷನ್ ಆದ ಮೇಲೆ ಗಾಯ ಕೀವಾಗಿ, ಮಳೆಗಾಲವೆಲ್ಲ ದವಾಖಾನೆಯಲ್ಲೇ ಕಳೆಯಿತು. ಊರಿಗೆ ಬಂದ ಮೇಲೂ ಉಂಡದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ, ಚೆಂಬು ಹಿಡಿದು ಓಡಾಡುವುದೇ ಕೆಲಸವಾಯಿತು. ಜೋಳದ ರೊಟ್ಟಿ ಬಿಟ್ಟು ಮೆತ್ತಗಿನ ಅನ್ನ ಮಜ್ಜಿಗೆ ಉಂಡೆ. ನಮ್ಮ ಅತ್ತೆಯೇ ಅದನ್ನು ಕಲಸಿ ಕೊಡುತ್ತಿದ್ದರು. ಒಂದು ವರ್ಷ ದಾಟುವಷ್ಟರಲ್ಲಿ ನಾನು ಮತ್ತೆ ಹೊಲಕ್ಕೆ ಬುತ್ತಿ ಹೊತ್ತೆ.

ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಸೊಲ್ಲಾಪುರಕ್ಕೆ ಹೋಗಿ ಕೊಳವೆ ಹಾಕಿಸಿಕೊಂಡು, ಬಂದ ಗಂಟು ಸುಡಿಸಿಕೊಂಡು ಬರುತ್ತಿದ್ದೆ. ನಿಜಾಮರ ಆಳ್ವಿಕೆಯ ಕೊನೆಯ ವರ್ಷ ನಮ್ಮ ಕಡೆ ಗಲಾಟೆ ಎದ್ದು, ಸೊಲ್ಲಾಪುರದ ಕಡೆ ಗಡಿ ದಾಟುವವರನ್ನೆಲ್ಲ ತಡೆದು ಕೇಳುತ್ತಿದ್ದರು. ಈ ವರ್ಷ ಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ಹೋಗದೆ ಬಿಡಲು ನನಗೆ ಆಗುತ್ತಿರಲಿಲ್ಲ. ಮಗಳು ದೊಡ್ಡವಳಾಗಿದ್ದಳು, ಇನ್ನು ಅವಳನ್ನೂ ನೋಡಬೇಕೆಂದು ಡಾಕ್ಟರು ಹಿಂದಿನ ಸಲವೇ ಹೇಳಿದ್ದರು.

ಗಡಿಯ ತಪಾಸಣೆ ನಾಕಾದಲ್ಲಿ ಬಂದೂಕಿನವನೊಬ್ಬ ಗಾಡಿ ನಿಲ್ಲಿಸಿದ. "ಊರು ಬಿಟ್ಟು ಓಡಾಕತ್ತೀರೇನು?"

"ಇಲ್ರಿ. ದವಾಖಾನಿಗೆ ಹೋಗಿ ತಿರುಗಿ ಬರ್ತೇವ್ರಿ."

"ಏನಾಗ್ಯದ?"

ಮುಚ್ಚಿಡುವ ಅಭ್ಯಾಸ ನನಗೆ ಆಗಲೇ ಹೋಗಿತ್ತು. ಅಪ್ಪ, ಅಪ್ಪನ ಅಕ್ಕ, ಅಣ್ಣ, ನನ್ನ ಹೊಟ್ಟೆ, ಕೊಳವೆ, ಎಲ್ಲ ಹೇಳಿದೆ. ಮಗಳು ಮುಖ ತಗ್ಗಿಸಿ ಕುಳಿತಿದ್ದಳು. ಅವನು ಅರ್ಧಕ್ಕೇ ಕೈಯೆತ್ತಿ, "ಹೋಗ್ರಿ, ಹೋಗ್ರಿ," ಎಂದು ದಾರಿ ಬಿಟ್ಟ.

ಮಗಳಲ್ಲಿ ಕೆಲವೇ ಗಂಟು ಕಂಡವು. ಹೊರಗೆ ಬೇವಿನ ಗಿಡದ ಕೆಳಗೆ ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಸೀರೆಯ ನಿರಿಗೆ ಸರಿಸಿ, ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನು ಮೊದಲ ಸಲ ಅವಳಿಗೆ ತೋರಿಸಿದೆ. ಮುಟ್ಟಿ ನೋಡಿದಳು.

"ಭಾಳ ನೋಯ್ತದೇನು ಬೇ?"

"ನೋಯ್ತದ. ಆಮ್ಯಾಲ ಮಾಯ್ತದ."

ಅವಳಿಗೂ ಕೆಲವು ವರ್ಷಗಳ ನಂತರ ಅದೇ ಆಪರೇಷನ್ ಆಯಿತು, ಮದುವೆಗೆ ಮೊದಲೇ. ಹೆಣ್ಣು ನೋಡಲು ಬಂದವರಿಗೆಲ್ಲ ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಕೆಲವರು ಚಹಾ ಕುಡಿದು ಎದ್ದು ಹೋದರು. ಜೇವರ್ಗಿಯವರು ಮಾತ್ರ, ಹುಟ್ಟುವ ಮಕ್ಕಳನ್ನು ಎಷ್ಟನೇ ವಯಸ್ಸಿಗೆ ತೋರಿಸಬೇಕು ಎಂದು ಕೇಳಿದರು. ಆ ಮನೆಗೇ ಕೊಟ್ಟೆವು. ಈಗ ವರ್ಷ ವರ್ಷ ಸೊಲ್ಲಾಪುರಕ್ಕೆ ನಾನೂ ಮಗಳೂ ಕೂಡಿಯೇ ಹೋಗುತ್ತೇವೆ. ಮೊದಲು ಅವಳು ಒಳಗೆ ಹೋಗುತ್ತಾಳೆ, ಆಮೇಲೆ ನಾನು.