ಸಾವಕಾಶ ಬಂದ ಕೈ

ಶಾಂತಕ್ಕ, ನಿಮ್ಮ ಎರಡು ಬೆರಳು ಹೋದದ್ದು ನಿಮ್ಮ ಅವಸರದಿಂದಲ್ಲ. ನಾನು ಮಾಡಿಕೊಟ್ಟ ಕಣ್ಣಿನಿಂದ — ಅದಕ್ಕೆ ಏನು ಕಾಣುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು.

ಬೆಟಗೇರಿಯ ನನ್ನ ಸೋದರಮಾವನ ಖಾರ ಕುಟ್ಟುವ ಗಿರಣಿಯಲ್ಲಿ ಒನಕೆಯ ಕೆಳಗೆ ಮೆಣಸಿನಕಾಯಿ ನೂಕುವುದು ನಿಮ್ಮ ಕೆಲಸ. ನಾನು ಆಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ನೊಣ ನೋಡುವ ರೀತಿಯನ್ನು ಓದಿ ಒಂದು ಸೆನ್ಸರ್ ಮಾಡಿದ್ದೆ. ಅಕ್ಕಪಕ್ಕ ಎರಡು ಪುಟ್ಟ ಕಣ್ಣು. ಒಂದರ ಮುಂದೆ ಹಾದ ನೆರಳು ತುಸು ತಡೆದು ಇನ್ನೊಂದರ ಮುಂದೆಯೂ ಹಾದರೆ, ಏನೋ ಸರಿಯಿತೆಂದು ತಿಳಿದು ಯಂತ್ರ ನಿಲ್ಲಿಸುವುದು. ಒರಳಿನ ಬಾಯಿಗೆ ಅದನ್ನು ಕೂರಿಸಿದಾಗ ನೀವು ನಕ್ಕಿರಿ: "ಇಷ್ಟು ದಿನ ನಾವು ನೊಣಾ ಓಡಿಸ್ತಿದ್ವಿ, ಇನ್ನ ನೊಣಾನ ನಮ್ಮನ್ನ ಕಾಯ್ತೈತೇನೋ ತಮ್ಮಾ?" ಕಟ್ಟಿಗೆಯಿಂದ ನೂಕುವುದನ್ನು ಅಂದೇ ಬಿಟ್ಟು ಕೈಯಿಂದಲೇ ನೂಕತೊಡಗಿದಿರಿ. ಕೈ ಒನಕೆಯ ಕೆಳಗೆ ಹೋದರೆ ಯಂತ್ರ ನಿಲ್ಲುತ್ತದಲ್ಲ.

ಆದರೆ ಮೆಲ್ಲಗೆ ಇಳಿಯುವ ಖಾರದ ಧೂಳಿಗೂ ನಿಲ್ಲುತ್ತಿತ್ತು. ಮಾವ ರೇಗಿದರು: "ಇದೇನ್ ಕಾಯಾಕ ಐತೋ, ಗಿರಾಕಿ ಓಡಸಾಕ ಐತೋ?" ನಿಧಾನದ ಚಲನೆಯನ್ನೆಲ್ಲ ಬಿಟ್ಟುಬಿಡುವಂತೆ ಅದನ್ನು ತಿದ್ದಿದೆ. ಒನಕೆ ಬಿಚ್ಚಿಟ್ಟು ನನ್ನ ಕೈಯನ್ನೇ ಮೆಲ್ಲಗೆ ಒಳಗಿಳಿಸಿ ನೋಡಿದೆ — ಸೆನ್ಸರಿನ ಕಣ್ಣಿಗೆ ಅದು ಕಾಣಲಿಲ್ಲ. ಪ್ರತಿ ಪರೀಕ್ಷೆಯನ್ನೂ ತಾರೀಖು ಹಾಕಿ ಬರೆದಿಡುವ ನಾನು ಅದೊಂದನ್ನು ಬರೆಯಲಿಲ್ಲ. ಮಾವ ಖುಷಿಯಾಗಿದ್ದರು, ಕಾಲೇಜಿನಲ್ಲಿ ಪ್ರದರ್ಶನವಿತ್ತು, ಮತ್ತೆ —

ಮತ್ತೆ, ನಿಮಗೆ ಒಂದು ಮಾತು ಹೇಳಿದೆ. ನಮ್ಮ ಕಡೆ ಬಂಡಿ ಹತ್ತುವವರಿಗೂ ಬಿಸಿ ಚಹಾ ಕುಡಿಯುವವರಿಗೂ ಹೇಳುವ ಮಾತು: "ಸಾವಕಾಶ ಕೈ ಹಾಕ್ರಿ, ಅಕ್ಕಾ."

ನೀವು ಸಾವಕಾಶವಾಗಿಯೇ ಹಾಕಿದಿರಿ.

ಆಸ್ಪತ್ರೆಗೆ ಬಂದವರೆಲ್ಲ ಒಂದೇ ಕೇಳಿದರು: "ಅಷ್ಟ್ಯಾಕ ಅವಸರ ಮಾಡಿದಿ ಯವ್ವಾ?" ನೀವು ನೆನಪು ಮಾಡಿಕೊಳ್ಳಲು ನೋಡಿದಿರಿ, ಆಗಲಿಲ್ಲ. "ಮಾಡಿರಬೇಕು ಬಿಡ್ರಿ" ಎಂದಿರಿ. ನಾನು ಮಂಚದ ಪಕ್ಕದಲ್ಲೇ ಇದ್ದೆ. ಯಾರೂ ಕೇಳುವ ಮೊದಲೇ ಗಿರಣಿಗೆ ಹೋಗಿ ಆ ಕಣ್ಣನ್ನು ಬಿಚ್ಚಿ ತಂದುಬಿಟ್ಟಿದ್ದೆ.

ಈಗಲೂ ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರಿಗೆ ನೀವು ಆ ಕೈ ತೋರಿಸಿ, "ನನ್ನಂಗ ಅವಸರ ಮಾಡಬ್ಯಾಡ್ರವಾ" ಎನ್ನುತ್ತೀರಿ. ನಾನು ಮಾಡಿದ ತಪ್ಪನ್ನು ನಿಮ್ಮದೆಂದು ಇಷ್ಟು ವರ್ಷ ಊರಿಗೆಲ್ಲ ಹೇಳಿದ್ದೀರಿ.

ನಾಳೆ ಗಿರಣಿಗೆ ಬಂದು, ಮಾವನ ಮುಂದೆ, ಆ ಹುಡುಗಿಯರ ಮುಂದೆ ಹೇಳುತ್ತೇನೆ — ಶಾಂತಕ್ಕ ಅವಸರ ಮಾಡಿರಲಿಲ್ಲ. ಹೇಳಿದ ಮೇಲೂ ನೀವು ಮನೆಗೆ ಹೋಗಿ ರೊಟ್ಟಿ ಬಡಿಯುತ್ತೀರಿ. ಅದರ ಮೇಲೆ ಮೂರೇ ಬೆರಳು ಮೂಡುತ್ತವೆ.